ಜಾನೂನ ಚಾರ್ಜ್ ಯಾರ ಕಡೆ ಅದ?

ಬಿಂದೂ ಕಾಕಾ ಯಾರ ಕೈಯಿಂದಲೂ ಮಗುವನ್ನು ಸುಮ್ಮನೆ ಎತ್ತಿಕೊಂಡವರಲ್ಲ. ಮೊದಲು ಎರಡೂ ಕೈ ಚಾಚಿ ನೆಟ್ಟಗೆ ನಿಲ್ಲುತ್ತಿದ್ದರು. "ಚಾರ್ಜ್ ಕೊಡ್ರಿ" ಅನ್ನುತ್ತಿದ್ದರು. ನಾವು "ಕೊಟ್ಟೆ" ಅನ್ನಬೇಕು, ಅವರು "ತೊಗೊಂಡೆ" ಅನ್ನಬೇಕು. ಆ ಮಾತು ಅವರ ಬಾಯಿಂದ ಬೀಳುವ ತನಕ ನಾವು ಮಗುವಿನಿಂದ ಕೈ ತೆಗೆಯುವಂತಿಲ್ಲ. ನಡುವೆ ಸಿಕ್ಕ ಕೂಸು ಯಾರ ಪರವಾಗಿ ಅಳಬೇಕೆಂದು ತಿಳಿಯದೆ ಇಬ್ಬರ ಮುಖವನ್ನೂ ನೋಡುತ್ತಿತ್ತು.

ಪುಣೆಯ ಸದಾಶಿವ ಪೇಠೆಯ ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ ಅವರದು ನಮ್ಮ ಎದುರು ಮನೆ. ಮೂಲ ನಮ್ಮಂತೆಯೇ ಧಾರವಾಡದ ಕಡೆ. ದೇಹೂ ರೋಡಿನ ಸೈನ್ಯದ ಉಗ್ರಾಣವೊಂದರಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಮದುವೆಯ ಗೋಜಿಗೆ ಹೋದವರಲ್ಲ. ಉಗ್ರಾಣದಲ್ಲಿ ಮುಂದಿನ ಪಾಳಿಯವನು "ಚಾರ್ಜ್ ತೊಗೊಂಡೆ" ಎಂದು ಬಾಯಿಬಿಟ್ಟು ಹೇಳುವ ತನಕ ಜಾಗ ಬಿಡಬಾರದಂತೆ. ಆ ಅಭ್ಯಾಸ ಅವರ ಮೈಗೆ ಹತ್ತಿ, ಬಿಸಿ ಹಾಲಿನ ಪಾತ್ರೆಯನ್ನೂ ಹಾಗೆಯೇ ಕೊಡುತ್ತಿದ್ದರು. ಗ್ಯಾರೇಜಿನವನಿಗೆ ಸ್ಕೂಟರಿನ ಚಾವಿ ಕೊಡುವಾಗಲೂ ಬಿಡದೆ ಹಿಡಿದುಕೊಂಡಿದ್ದಕ್ಕೆ ಅವನು ಕೈ ಮುಗಿದು ಮರಾಠಿಯಲ್ಲಿ "ಘೇತ್ಲಿ ಬಾಬಾ, ಘೇತ್ಲಿ", ತೊಗೊಂಡೆ ಮಾರಾಯಾ, ಅಂದದ್ದನ್ನು ನಾನೇ ನೋಡಿದ್ದೇನೆ.

"ಇಬ್ಬರು ನೋಡೋ ಕೂಸನ್ನ ಯಾರೂ ನೋಡಂಗಿಲ್ಲವಾ" ಎಂದು ಅವರು ಹೇಳುತ್ತಿದ್ದರು. "ಇವರು ಅವರಂತಾರ, ಅವರು ಇವರಂತಾರ. ನಡುವ ಕೂಸು ತನ್ನ ದಾರಿ ಹಿಡೀತದ."

ನಾನು ಹುಟ್ಟಾ ಅಂಜುಬುರುಕಿ. ಎರಡೂವರೆ ವರ್ಷದ ಜಾನು, ನಾಲ್ಕು ತಿಂಗಳ ಅಭಿ, ಈ ಎರಡನ್ನು ಕಟ್ಟಿಕೊಂಡು ಬಾಗಿಲು ದಾಟುವುದೆಂದರೆ ಮೂರು ಸಲ ಚಪ್ಪಲಿ ಮೆಟ್ಟಿ ಮೂರು ಸಲ ಕಳಚುತ್ತಿದ್ದೆ. ಗಂಡ ಗಿರೀಶ ಅದಕ್ಕೆ ತದ್ವಿರುದ್ಧ. ಆ ಬೇಸಿಗೆಯಲ್ಲಿ "ಪ್ರತಿ ಐತವಾರ ಹೊರಗ ಹೋಗೋದೇ" ಎಂದು ಹಟ ಹಿಡಿದ. ಹೋದೆವು. ಪರ್ವತಿ ಗುಡ್ಡದ ಮೆಟ್ಟಿಲ ಮೇಲೆ ಜಾನು ಮೂಗಿಗೆ ಶೇಂಗಾ ಏರಿಸಿಕೊಂಡಳು. ಇನ್ನೊಂದು ವಾರ ಉದ್ಯಾನದ ಬೇಲಿಯ ಕಂಬಿಗಳ ನಡುವೆ ತಲೆ ತೂರಿಸಿ ಸಿಕ್ಕಿಕೊಂಡಳು. ಪ್ರತಿ ಸಲ ನಾನು ಅಳುತ್ತ ಮನೆಗೆ ಬಂದು ಎದುರು ಬಾಗಿಲು ತಟ್ಟುತ್ತಿದ್ದೆ. ಕಾಕಾ ಚಹಾ ಮಾಡಿ ಕೊಟ್ಟು, "ಅಂಜಿಕಿ ಕೆಟ್ಟದ್ದಲ್ಲವಾ. ಅದು ಡ್ಯೂಟಿ ಮ್ಯಾಲೆ ಇರಬೇಕು, ಅಷ್ಟ" ಅನ್ನುತ್ತಿದ್ದರು. ಅವರಿಗೆ ಒಂದು ಮಗುವಿನ ಚಾರ್ಜ್ ಕೊಟ್ಟ ಆ ಹತ್ತು ನಿಮಿಷ ಮಾತ್ರ ನಾನು ನೆಮ್ಮದಿಯಿಂದ ಉಸಿರಾಡುತ್ತಿದ್ದೆ.

ಮೇ ತಿಂಗಳಲ್ಲಿ ಶಿರೂರಿನ ಹತ್ತಿರ ಗಿರೀಶನ ಗೆಳೆಯ ಸಂದೀಪನ ಹೊಲಕ್ಕೆ ಹೊರಟಾಗ ಕಾಕಾರನ್ನು ಕಾಡಿಬೇಡಿ ಕರೆದೊಯ್ದೆ. ಹೊಲದ ತುದಿಯಲ್ಲಿ ನೀರು ಕೂಡಿಡುವ ದೊಡ್ಡ ಹೊಂಡವಿತ್ತು. ಸುತ್ತ ಮಣ್ಣಿನ ಏರಿ, ಒಳಗೆ ಕಪ್ಪು ಪ್ಲಾಸ್ಟಿಕ್ ಹಾಸು. ಅದರ ಮೇಲೆ ದೊಡ್ಡವರ ಕಾಲೂ ನಿಲ್ಲುವುದಿಲ್ಲ, ಜಾರಿದರೆ ಹಿಡಿಯಲು ಏನೂ ಇಲ್ಲ ಎಂದು ಸಂದೀಪನೇ ಹೇಳಿದ್ದ. ತಂತಿ ಬೇಲಿ ಇದೆ, ಚಿಂತೆ ಬೇಡ ಎಂದೂ ಹೇಳಿದ್ದ.

ಊಟದ ಹೊತ್ತಿಗೆ ನಾನು ಒಳಗಿನ ಕೋಣೆಯ ಕಿಟಕಿಯ ಬಳಿ ಕೂತು ಅಭಿಗೆ ಹಾಲು ಕುಡಿಸುತ್ತಿದ್ದೆ. ಗಿರೀಶ ಮಾವಿನ ಮರದ ಕೆಳಗೆ ಕಲ್ಲಂಗಡಿ ಹೆಚ್ಚುತ್ತಿದ್ದ. ಕಾಕಾ ಕೈಕಾಲು ತೊಳೆಯಲು ಹೋದವರು ಅವನ ಬಳಿ ಬಂದು ನಿಂತು ಸಹಜವಾಗಿಯೇ ಕೇಳಿದರು:

"ಜಾನೂನ ಚಾರ್ಜ್ ಯಾರ ಕಡೆ ಅದ?"

ಗಿರೀಶ ಕಿಟಕಿಯತ್ತ ತಿರುಗಿ, "ನಿನ್ನ ಕಡೆ ಅದಾಳಲ್ಲ?" ಅಂದ. ನಾನು ಅದೇ ಮಾತನ್ನು ಅವನಿಗೆ ಹೇಳಲು ಬಾಯಿ ತೆರೆದಿದ್ದೆ. ಅವನ ಕೈಯಲ್ಲಿದ್ದ ಹೋಳು ನೆಲಕ್ಕೆ ಬಿತ್ತು.

ಕಾಕಾ ಕೂಗಲಿಲ್ಲ. "ಮೊದಲ ನೀರು ನೋಡ್ರಿ. ಉಳಿದದ್ದು ಆಮ್ಯಾಲೆ" ಎಂದವರೇ, ಎಪ್ಪತ್ತು ದಾಟಿದ ಆ ಮನುಷ್ಯ ಪಂಚೆ ಎತ್ತಿಕಟ್ಟಿ ಹೊಂಡದತ್ತ ಓಡಿದರು. ಗಿರೀಶ ಬಾವಿಯತ್ತ, ಸಂದೀಪ ದನದ ಕೊಟ್ಟಿಗೆಯತ್ತ. ನನ್ನ ತೋಳಲ್ಲಿ ಅಭಿ ಇದ್ದ. ಸಂದೀಪನ ಹೆಂಡತಿ ಕೈ ಚಾಚಿದಳು. ಕೂಸನ್ನು ಅವಳ ಕೈಗಿಟ್ಟರೂ ನನ್ನ ಬೆರಳು ಸಡಿಲವಾಗಲಿಲ್ಲ. ಏನು ಕಂಡಳೋ, "ಘೇತ್ಲಾ, ವಹಿನಿ. ಮೀ ಘೇತ್ಲಾ. ತುಮ್ಹಿ ಜಾ" ಅಂದಳು. ತೊಗೊಂಡೆ, ನೀವು ಹೋಗ್ರಿ ಅಂತ. ಆಗ ಓಡಿದೆ.

ಬೇಲಿಯ ಒಂದು ಕಡೆ ತಂತಿ ಮೇಲೆದ್ದಿತ್ತು. ಏರಿ ಹತ್ತಿದಾಗ ನಾನು ಮೊದಲು ಕಂಡದ್ದು ನೀರಿನ ನಡುವೆ ತೇಲುತ್ತಿದ್ದ ಒಂದು ಪುಟ್ಟ ಗುಲಾಬಿ ಚಪ್ಪಲಿ. ಇವತ್ತಿಗೂ ಆ ಬಣ್ಣದ ಚಪ್ಪಲಿ ಅಂಗಡಿಯಲ್ಲಿ ಕಂಡರೆ ಹೊರಗೆ ಬಂದುಬಿಡುತ್ತೇನೆ. ಕಿರುಚಬೇಕು ಎನ್ನುವಷ್ಟರಲ್ಲಿ ಕಾಕಾ ನನ್ನತ್ತ ನೋಡದೆಯೇ ಅಂಗೈ ಎತ್ತಿ ತಡೆದರು.

ಅವರಿಂದ ಹತ್ತು ಹೆಜ್ಜೆ ಆಚೆ, ಪ್ಲಾಸ್ಟಿಕ್ ಹಾಸಿನ ಅಂಚಿನಲ್ಲಿ ಜಾನು ಕುಕ್ಕರುಗಾಲಲ್ಲಿ ಕೂತಿದ್ದಳು. ಎರಡನೇ ಚಪ್ಪಲಿ ಕೈಯಲ್ಲಿತ್ತು. ಕರೆದರೆ ಓಡುವುದು ಅವಳ ಆಟ. ಯಾವ ಕಡೆಗೆ ಓಡಿದರೂ ಇಳಿಜಾರು. ಕಾಕಾ ಏರಿಯ ಮೇಲೆ ಮೆಲ್ಲಗೆ ಕೂತರು. ತಮ್ಮ ಕಾಲಿನ ಚಪ್ಪಲಿ ಕಳಚಿ ನೀರಿಗೆ ಎಸೆದರು.

"ನಂದೂ ಈಸತದ ನೋಡವಾ, ಜಾನೂ."

ಜಾನು ಕಿಲಕಿಲ ನಕ್ಕು ಅದನ್ನೇ ನೋಡತೊಡಗಿದಳು. ಕಾಕಾ ಕೂತಲ್ಲೇ ಗೇಣುಗೇಣು ಸರಿದರು. "ಯಾರದು ಮುಂದ ಹೋತು? ನಿಂದ ಮುಂದ ಅದ. ತಡಿ, ನನ್ನ ಇನ್ನೊಂದನೂ ಬಿಡ್ತೀನಿ." ಇನ್ನೊಂದು ಚಪ್ಪಲಿಯೂ ಹೋಯಿತು. ಅವಳು ಅದನ್ನು ನೋಡಲು ಮುಂದಕ್ಕೆ ಬಾಗಿದಳು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವಳ ರಟ್ಟೆ ಕಾಕಾರ ಮುಷ್ಟಿಯಲ್ಲಿತ್ತು.

ಅಂಥ ಹೊತ್ತಿನಲ್ಲೂ ಅವರು ತಮ್ಮ ಪದ್ಧತಿ ಬಿಡಲಿಲ್ಲ. ಜಾನುವನ್ನು ನನ್ನ ಮುಂದೆ ಹಿಡಿದು "ಕೊಟ್ಟೆ" ಅಂದರು. ನಾನು ಅವಳನ್ನು ಸುಮ್ಮನೆ ಎಳೆದುಕೊಳ್ಳಲು ಹೋದೆ. ಅವರು ಕೊಡಲಿಲ್ಲ. ಕಾದ ಮಣ್ಣಿನ ಮೇಲೆ ಬರಿಗಾಲಲ್ಲಿ ನಿಂತು, ನಾನು "ತೊಗೊಂಡೆ" ಅನ್ನುವ ತನಕ ಕಾದರು. ಕೊಟ್ಟ ಮೇಲೆ ಹೊಂಡಕ್ಕೆ ಬೆನ್ನು ಮಾಡಿ ಏರಿಯ ಮೇಲೆ ಕೂತುಬಿಟ್ಟರು. ಪುಣೆ ಬಂದಾಗ, "ಕೇಳಲಿಕ್ಕೆ ನಾನೂ ತಡಾ ಮಾಡಿದೆ" ಎಂದಷ್ಟೇ ಅಂದರು. ಅವರಿಗೂ ಅಂಜಿಕೆಯಿದೆ ಎಂದು ನನಗೆ ಗೊತ್ತಾದದ್ದು ಆವತ್ತು.

ಮರುವರ್ಷದ ಬೇಸಿಗೆಗೆ ಅಭಿ ಗೋಡೆ ಹಿಡಿದು ನಡೆಯುತ್ತಿದ್ದ. ಒಂದು ಬೆಳಿಗ್ಗೆ ಹಾಲು ಉಕ್ಕುತ್ತಿತ್ತೆಂದು ಅವನನ್ನು ಎತ್ತಿಕೊಂಡು ಎದುರು ಮನೆಗೆ ಓಡಿ, "ಕಾಕಾ, ಚಾರ್ಜ್ ಕೊಟ್ಟೆ" ಎಂದು ಚಾಚಿದೆ. ಕಾಕಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಇಲ್ಲವಾ. ಇನ್ನ ಮ್ಯಾಲೆ ನಾ ತೊಗೊಳ್ಳಂಗಿಲ್ಲ."

"ಯಾಕ್ರಿ ಕಾಕಾ? ನನ್ನಿಂದೇನರೆ ತಪ್ಪಾತೇನ್ರಿ?"

"ಕಣ್ಣು ಹೊಂಟಾವ. ನರಾ ಒಣಗ್ಯಾವಂತ, ಡಾಕ್ಟರು ಅಂದ್ರು. ಬಾಜೂದ್ದು ಏನೂ ಕಾಣವಲ್ದು. ಕಾಣದಾಂವ ತೊಗೊಂಡೆ ಅಂದ್ರ ಅದು ಸುಳ್ಳಾಗ್ತದ."

ಹಾಲು ಉಕ್ಕಿ ಹೋಯಿತು. ಅವರ ಕಣ್ಣಿಗಾಗಿ ಅಳಬೇಕಿತ್ತು ನಾನು. ಆದರೆ ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲು ಬಂದದ್ದು ನನ್ನ ಹೆದರಿಕೆ: ಇನ್ನು ಈ ಎರಡನ್ನು ನಾನು ಯಾರಿಗೆ ಕೊಡಲಿ?

ಜೂನ್ ಹೊತ್ತಿಗೆ ಅವರಿಗೆ ಎದುರಿನದೂ ಮಸುಕಾಗಿತ್ತು; ಬೆಳಗಾವಿಯಿಂದ ಅವರ ಅಕ್ಕನ ಮಗ ಕರೆದೊಯ್ಯಲು ಬಂದ. ಅವನು ಗಂಟುಮೂಟೆ ಹೊತ್ತು ಮುಂದೆ ಇಳಿದ. ನಾನು ಅಭಿಯನ್ನು ಎತ್ತಿಕೊಂಡು ಹಿಂದೆ ನಿಂತಿದ್ದೆ. ಮೂರೂವರೆಯ ಜಾನು ಯಾರೂ ಹೇಳದೆ ಕಾಕಾರ ತೋರುಬೆರಳು ಹಿಡಿದು, ಒಂದೊಂದೇ ಮೆಟ್ಟಿಲಿಗೆ "ಇಲ್ಲಿ ಅದ, ಇಲ್ಲಿ ಅದ" ಎನ್ನುತ್ತ ಇಳಿಸಿದಳು. ಇಬ್ಬರಲ್ಲಿ ಯಾರು ಬಿದ್ದಾರೋ ಎಂದು ನಾನು ಒಂದು ಕೈ ಚಾಚಿಕೊಂಡೇ ಇಳಿದೆ.

ಕೆಳಗೆ ರಿಕ್ಷಾ ನಿಂತಿತ್ತು. ಅಕ್ಕನ ಮಗ ಬಂದು ಕಾಕಾರ ತೋಳು ಹಿಡಿದ. ಜಾನು ಬೆರಳು ಬಿಡಲಿಲ್ಲ. ಅವನು, "ಬಿಡು ಪುಟ್ಟಾ, ಗಾಡಿಗೆ ಹೊತ್ತಾತು" ಅಂದ. ಅವಳು ಎರಡೂ ಕೈಯಲ್ಲಿ ಹಿಡಿದಳು.

"ಕೊಟ್ಟೆ" ಅಂದಳು.

ಅವನು ನಕ್ಕು ನನ್ನನ್ನು ನೋಡಿದ. ಕಾಕಾ ನಗಲಿಲ್ಲ; ನೆಟ್ಟಗೆ ನಿಂತು ಕಾಯುತ್ತಿದ್ದರು.

"ತೊಗೊಂಡೆ ಅನ್ರಿ" ಎಂದೆ ನಾನು. "ಅನ್ನೋ ತನಕ ಬಿಡಂಗಿಲ್ಲ ಅಕಿ."

"ತೊಗೊಂಡೆ" ಅಂದ ಅವನು, ನಗು ನಿಲ್ಲಿಸಿ.

ಜಾನು ಬೆರಳು ಬಿಟ್ಟಳು. ಕಾಕಾ ಅವಳಿದ್ದ ಕಡೆಗೆಂದು ತಿರುಗಿ, ನನ್ನ ಮುಖವನ್ನೇ ನೋಡುತ್ತ, "ಶಾಬಾಸ್, ಜಾನೂ" ಅಂದರು.