ಸೊಸೆಯನ್ನು ಧಾರೆ ಎರೆದುಕೊಟ್ಟ ಅಕ್ಕಯ್ಯಮ್ಮ

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಕ್ಕಯ್ಯಮ್ಮನ ರಾಟೆ ಆಗಲೇ ತಿರುಗುತ್ತಿದೆ. ಬಲಗೈ ಚಕ್ರದ ಮೇಲಿದೆ. ಎಡಗೈಯ ಎರಡು ಬೆರಳ ನಡುವೆ ಹಸಿರು ನೂಲು ಜಾರಿ ಕಂಡಿಕೆ ಎಂಬ ಪುಟ್ಟ ಕೊಳವೆಗೆ ಸುತ್ತಿಕೊಳ್ಳುತ್ತಿದೆ. ಆರು ಗಂಟೆಗೆ ಮಗ್ಗಗಳು ಶುರುವಾಗುವ ಹೊತ್ತಿಗೆ ಲಾಳಿಗೆ ಹಾಕಲು ನಲವತ್ತು ಕಂಡಿಕೆ ತಯಾರಿರಬೇಕು. ದಿನಕ್ಕೆ ಒಟ್ಟು ನೂರೈವತ್ತು.

"ಆ ಕಡೆ ಕೂತ್ಕೊಳ್ಳಪ್ಪ, ಬೆಳಕಿಗೆ ಅಡ್ಡ ಬರ್ತೀಯ" ಎಂದು, ಅವರ ಕಥೆ ಬರೆದುಕೊಳ್ಳಲು ಬಂದ ನನ್ನನ್ನು ಸರಿಸಿ ಮತ್ತೆ ಕೆಲಸಕ್ಕೆ ತೊಡಗುತ್ತಾರೆ. ಐವತ್ತು ವರ್ಷದ ಈ ಹೆಂಗಸು ಐದು ವರ್ಷದ ಹಿಂದೆ, ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ, ಗಂಡ ಸತ್ತ ತನ್ನ ಸೊಸೆಗೆ ತಾನೇ ನಿಂತು ಇನ್ನೊಂದು ಮದುವೆ ಮಾಡಿಸಿದವರು. ಓದು ಬಾರದು, ಸಂಘ ಸಂಸ್ಥೆಯ ಬೆಂಬಲವಿರಲಿಲ್ಲ. ಇಷ್ಟು ಧೈರ್ಯ ಈ ಪುಟ್ಟ ಮೈಯಲ್ಲಿ ಎಲ್ಲಿತ್ತು ಎಂದು ನಾನು ನೋಡುತ್ತಲೇ ಕೂರುತ್ತೇನೆ.

ಅಕ್ಕಯ್ಯಮ್ಮ ಇಪ್ಪತ್ತಕ್ಕೇ ಗಂಡನನ್ನು ಕಳೆದುಕೊಂಡವರು. ಎಂಟು ತಿಂಗಳ ಮಗ ಲಕ್ಷ್ಮಣಪ್ಪನನ್ನು ಮಡಿಲಲ್ಲಿ ಹಾಕಿಕೊಂಡು ರಾಟೆ ಹಿಡಿದರು. ಮಗ ನೇಕಾರನಾದ, ಮದುವೆಯೂ ಆಯಿತು. ಸೊಸೆ ಅನುಸೂಯ ಮನೆಗೆ ಬಂದು ವರ್ಷ ತುಂಬುವುದರೊಳಗೆ ಕಾಮಾಲೆ ಅವನನ್ನು ಕೊಂಡೊಯ್ದಿತು. ಆಗ ಅವಳಿಗೆ ಹದಿನೆಂಟು.

"ಸುಳ್ಳು ಯಾಕೆ ಹೇಳ್ಲಿ? ಅವಳ ಕಾಲ್ಗುಣ ಅಂತ ನಾನೇ ಅಂದೆ" ಎನ್ನುತ್ತಾರೆ. "ನಮ್ಮತ್ತೆ ನಂಗೆ ಅಂದಿದ್ದೇ ಅವಳಿಗೂ ಅಂದೆ. ಮುಂಬಾಗ್ಲಿಗೆ ಬರ್ಬೇಡ ಅಂದೆ. ಒಂದು ವರ್ಷ ಸರಿಯಾಗಿ ಮಾತಾಡ್ಸಿಲ್ಲ ಕಣಪ್ಪ."

ಒಂದು ಮಧ್ಯಾಹ್ನ ಅವರು ಕಂಡಿಕೆ ಕೊಟ್ಟು ಬೇಗನೆ ಮನೆಗೆ ಬಂದರು. ಹಿತ್ತಲಲ್ಲಿ ಅನುಸೂಯ ಪಕ್ಕದ ಮನೆಯವಳ ಜೊತೆ ಏನೋ ಮಾತಾಡುತ್ತಾ ನಗುತ್ತಿದ್ದಳು. ಅತ್ತೆಯ ಹೆಜ್ಜೆ ಕೇಳಿದ್ದೇ ನಗು ನಿಂತಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿ ನಿಂತಳು.

"ಅಷ್ಟೇ ಆಗಿದ್ದು. ಆದ್ರೆ ನನ್ನ ಕಾಲಿನ ಸದ್ದಿಗೆ ಒಂದು ಮಗುವಿನ ನಗು ನಿಂತೋಯ್ತಲ್ಲ! ನಮ್ಮತ್ತೆ ಸತ್ತು ಎಷ್ಟೋ ವರ್ಷ ಆಗಿತ್ತು. ಅವತ್ತು ನೋಡಿದ್ರೆ ನಾನೇ ಅವರಾಗ್ಬಿಟ್ಟಿದ್ದೆ."

ಮಗ್ಗ ರಿಪೇರಿಗೆಂದು ಹೊಸಕೋಟೆಯಿಂದ ಬರುತ್ತಿದ್ದ ಮುನಿಸ್ವಾಮಿ ಹೆಂಡತಿಯನ್ನು ಕಳೆದುಕೊಂಡಿದ್ದ. ಅಕ್ಕಯ್ಯಮ್ಮ ಅವನನ್ನು ಬೀದಿಯಲ್ಲೇ ನಿಲ್ಲಿಸಿ, ನನ್ನ ಸೊಸೆಯನ್ನು ಮದುವೆಯಾಗುತ್ತೀಯಾ ಎಂದು ಕೇಳಿಬಿಟ್ಟರು. ಮೂರು ದಿನ ಅವನು ಆ ಕಡೆ ಸುಳಿಯಲಿಲ್ಲ. ನಾಲ್ಕನೇ ದಿನ ಬಂದವನು, "ಅಕ್ಕಾ, ಅವರನ್ನ ಕೇಳಿದ್ದೀರಾ?" ಎಂದ.

"ಹುಡುಗ ಒಳ್ಳೇನು ಅಂತ ಆ ಮಾತಿಗೇ ಗೊತ್ತಾಯ್ತು. ನಾನು ಅವಳನ್ನ ಕೇಳೇ ಇರ್ಲಿಲ್ಲ!"

ಕೇಳಿದಾಗ ಅನುಸೂಯ ಅವರ ಸೆರಗು ಹಿಡಿದುಕೊಂಡಳು. "ನನ್ನನ್ನ ಮನೆಯಿಂದ ಕಳಿಸ್ಬಿಡ್ತೀರಾ ಅತ್ತೆ?"

"ಹೋಗು ಅಂತಿಲ್ಲ ಕಣೇ. ಹೋಗ್ಬೋದು ಅಂತಿದ್ದೀನಿ."

ಎಂಟು ದಿನ ಯೋಚಿಸಿ ಅವಳು ಹೂಂ ಅಂದಳು. ಅವಳ ತಂದೆತಾಯಿ ಮದುವೆಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದರು. ನಾಲ್ಕು ಜನ ರೈಲು ಹತ್ತಿ ಮಾಕಳಿದುರ್ಗದಲ್ಲಿ ಇಳಿದರು. ಬೆಟ್ಟದ ಬುಡದಲ್ಲಿ, ಬೇವಿನ ಮರದ ಕೆಳಗಿನ ಮುನೇಶ್ವರನ ಕಲ್ಲಿನ ಮುಂದೆ ಮದುವೆ. ಧಾರೆ ಎರೆಯುವವರು ಯಾರು ಎಂಬ ಪ್ರಶ್ನೆ ಬಂತು. ವಿಧವೆಯ ಕೈ ಆಗದು ಎಂದು ಮುನಿಸ್ವಾಮಿಯ ಅಣ್ಣ ಬೈರಣ್ಣ ಹಿಂದೆಮುಂದೆ ನೋಡಿದ. "ಇವಳಿಗೆ ಅನ್ನ ಹಾಕಿದ ಕೈ ಕಣಪ್ಪ, ನೀರು ಬಿಡೋಕಾಗಲ್ವಾ?" ಎಂದು ಅಕ್ಕಯ್ಯಮ್ಮ ಚೊಂಬು ಎತ್ತಿಕೊಂಡರು.

ಊರಿಗೆ ಮರಳಿದ ಮೇಲೆ ಕುಲದ ಯಜಮಾನ ಆದಿನಾರಾಯಣಪ್ಪ, ಈಕೆಗೆ ಯಾರೂ ನೂಲು ಕೊಡಕೂಡದು ಎಂದರು. ರಾಟೆ ನಿಂತಿತು. ಹನ್ನೊಂದು ತಿಂಗಳು ಅಕ್ಕಯ್ಯಮ್ಮ ಸುತ್ತಲ ಹಳ್ಳಿಗಳಲ್ಲಿ ರಾಗಿ ಹೊಲದ ಕಳೆ ಕಿತ್ತರು. ಬೀದಿಯಲ್ಲಿ ಎದುರಾದ ಹೆಂಗಸರು ಮುಖ ತಿರುಗಿಸುತ್ತಿದ್ದರು. ಹೊಸಕೋಟೆಗೆ ಬಂದುಬಿಡಿ ಎಂದು ಮಗಳಂಥ ಸೊಸೆ ಕರೆದರೂ ಹೋಗಲಿಲ್ಲ. "ಹೋದ್ರೆ ತಪ್ಪು ಮಾಡಿದ್ದೀನಿ ಅಂತ ಆಗ್ತದೆ" ಎಂದು ಕೂತರು.

ಹನ್ನೆರಡನೇ ತಿಂಗಳಲ್ಲಿ, ನಡುಹಗಲಿನಲ್ಲೇ, ಒಬ್ಬಾಕೆ ನೂಲಿನ ಗಂಟು ತಲೆಯ ಮೇಲೆ ಹೊತ್ತು ಈ ಮನೆಯ ಮೆಟ್ಟಿಲು ಹತ್ತಿದರು. ಅವರು ಯಜಮಾನರ ಹೆಂಡತಿ ನಾಗಲಕ್ಷ್ಮಮ್ಮ. ಗಂಟು ಇಳಿಸಿ, ಗೋಡೆಗೊರಗಿ ಕೂತರು. ಅವರ ಹತ್ತೊಂಬತ್ತರ ಮಗಳು ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು.

"ಅಕ್ಕಯ್ಯಕ್ಕ, ನಮ್ಮ ಹುಡುಗೀಗೂ ಒಂದು ದಾರಿ ನೋಡು" ಎಂದರಂತೆ. ಯಜಮಾನರು ಬೀದಿಯ ತಿರುವಿನಲ್ಲಿ ತಲೆ ತಗ್ಗಿಸಿ ನಿಂತಿದ್ದರು.

ನಿಮಗೆ ಕೋಪ ಬರಲಿಲ್ಲವೇ ಎಂದು ಕೇಳಿದೆ. "ಬಂತು. ಆಯಪ್ಪನ ಮೇಲೆ ಬಂತು. ಹುಡುಗಿ ಏನು ಮಾಡಿದ್ಲು?"

ಯಜಮಾನರ ಮಗಳದೂ ಸೇರಿ ಅಂದಿನಿಂದ ಐದು ಮದುವೆಗಳಾಗಿವೆ. ಒಂದು ಹೊಂದಲಿಲ್ಲ. ಗಂಡ ಹೊಡೆಯುತ್ತಿದ್ದ. ಅಕ್ಕಯ್ಯಮ್ಮ ತಾವೇ ಹೋಗಿ ಆ ಹುಡುಗಿಯನ್ನು ಕರೆತಂದರು. ಅವಳೀಗ ಇದೇ ಮನೆಯಲ್ಲಿದ್ದಾಳೆ. "ನೋಡ್ದಲೇ ಕೊಟ್ಬಿಟ್ಟೆ, ನನ್ನದೇ ತಪ್ಪು" ಎನ್ನುವಾಗ ಮಾತ್ರ ಅವರ ದನಿ ಕುಗ್ಗುತ್ತದೆ. ಈಗ ಗಂಡಿನ ಊರಿಗೆ ಎರಡು ಸಲ ಹೋಗಿಬರದೆ ಮಾತು ಕೊಡುವುದಿಲ್ಲ.

ಎಪ್ಪತ್ತಮೂರರಲ್ಲಿ ಅನುಸೂಯ ಬಾಣಂತನಕ್ಕೆ ಬಂದಿದ್ದು ಇದೇ ಮನೆಗೆ. ಹೆರಿಗೆಗೆ ಆಸ್ಪತ್ರೆಗೆ ಸೇರಿಸುವಾಗ ನರ್ಸ್ ಅಕ್ಕಯ್ಯಮ್ಮನನ್ನು, "ನೀವು ಈ ಹುಡುಗಿಗೆ ಏನಾಗ್ಬೇಕು?" ಎಂದು ಕೇಳಿದರು.

"ಏನು ಹೇಳ್ಲಿ? ಅತ್ತೆ ಅನ್ನೋಕೆ ಅವಳಿಗೆ ಬೇರೆ ಅತ್ತೆ ಇದ್ದಾಳೆ. ಅಮ್ಮ ಅನ್ನೋಕೆ ಹೆತ್ತೋಳು ಬದುಕವ್ಳೆ. ಅಷ್ಟು ನೋವಲ್ಲೂ ಮಂಚದಿಂದ ಅವಳೇ ಕೂಗಿದ್ಲು, 'ನಮ್ಮಮ್ಮ ಅಂತ ಬರ್ಕೊಳ್ಳಿ!'"

ಅಕ್ಕಯ್ಯಮ್ಮ ಎದ್ದು ಹೋಗಿ, ಟ್ರಂಕಿನಿಂದ ಆಸ್ಪತ್ರೆಯ ಮಡಿಸಿದ ಚೀಟಿಯೊಂದನ್ನು ತಂದು ನನ್ನ ಮುಂದೆ ಬಿಡಿಸುತ್ತಾರೆ. "ನಂಗೆ ಓದೋಕೆ ಬರಲ್ಲ. ಅಮ್ಮ ಅಂತ ಎಲ್ಲಿ ಬರ್ದದೆ ಅಂತ ತೋರಿಸ್ಕೊಂಡಿದ್ದೀನಿ. ಇಲ್ಲಿ ತಾನೇ?"

ಬೆರಳಿಟ್ಟ ಜಾಗ ಸರಿಯಾಗಿದೆ.