ಕೆಂಚಿಯ ಚೀಟಿಗಳು ನಾಲ್ಕನೆಯ ಡಬ್ಬ ಸೇರಿದ್ದು ಹೇಗೆ?

ಪಾಲಿಬೆಟ್ಟದ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಕೂಲಿಯವರ ಮನೆಸಾಲಾದ ಲೈನಿನ ಮೇಲೆ ಇನ್ನೂ ಮಂಜಿದೆ. ಹಾಜರಿಯ ಗಂಟೆಗೆ ಹೊತ್ತಿದೆ. ಬೊಳ್ಳಮ್ಮ ಜಗಲಿಯಲ್ಲಿ ನಾಲ್ಕು ಬಿಸ್ಕತ್ತಿನ ಡಬ್ಬ ಸಾಲಾಗಿಟ್ಟು, ಹಸಿರು ನೂಲಿನ ಚೀಟಿಗಳನ್ನು ಕೊನೆಯ ಡಬ್ಬದಿಂದ ತೆಗೆದು ಮೊದಲನೆಯದಕ್ಕೆ ಹಾಕುತ್ತಾರೆ. ಮತ್ತೆ ತೆಗೆದು ಕೈಯಲ್ಲೇ ಹಿಡಿದು ಕೂರುತ್ತಾರೆ.

"ಎಲ್ಲಿ ತಪ್ಪಿತು ಅಂತ ಗೊತ್ತಾಗ್ತಾ ಇಲ್ಲೆ," ಎಂದು ನೋಡಲು ಬಂದ ನನಗೆ ಹೇಳುತ್ತಾರೆ.

ಐವತ್ತು ದಾಟಿದ ಇವರದು ಕೂಲಿಯವರ ಕೂಸುಗಳನ್ನು ನೋಡಿಕೊಳ್ಳುವ ಕೆಲಸ. ಓದಿದ್ದು ನಾಲ್ಕನೇ ತರಗತಿ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ವರ್ಷದಿಂದ, ಯಾರೂ ಹೇಳದೆಯೇ, ಲೈನಿನ ಹನ್ನೊಂದು ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದಾರೆ. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಒಂದೊಂದೇ ಅಕ್ಷರ ಬರೆದ ಚೀಟಿಗಳು. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ನೂಲು. ಮೊದಲ ಡಬ್ಬದ್ದನ್ನು ದಿನಾ ಕೇಳುತ್ತಾರೆ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ಅಮ್ಮತ್ತಿ ಸಂತೆಯ ದಿನ, ನಾಲ್ಕನೆಯದನ್ನು ಅಮಾವಾಸ್ಯೆಗೆ. ಸರಿ ಹೇಳಿದರೆ ಚೀಟಿ ಮುಂದಕ್ಕೆ, ತಪ್ಪಿದರೆ ಮೊದಲ ಡಬ್ಬಕ್ಕೆ. ಅವರಲ್ಲೊಬ್ಬಳಾದ ಮರೆವಿನ ಚಿನ್ನಿಗೆ ಮಾತ್ರ ಮೂರನೆಯ ಡಬ್ಬ ವಾರಕ್ಕೆ ಎರಡು ಸಲ ತೆರೆಯುತ್ತದೆ. ಮನೆಯಲ್ಲಿ ಭಾರತದ ಬಾಯಿಪಾಠವನ್ನು ನಿನ್ನೆಯ ಪದ್ಯ ಇವತ್ತು, ಹಿಂದಿನ ಸಂಧಿ ಏಕಾದಶಿಗೆ ಎಂದು ಒಪ್ಪಿಸುತ್ತಲೇ ಬೆಳೆದ ನನಗೆ ಈ ಕ್ರಮ ಹೊಸದೆನಿಸಲಿಲ್ಲ.

ಹಸಿರು ನೂಲು ಕೆಂಚಿಯದು. ಅವಳ ಮೂವತ್ತಾರು ಚೀಟಿಯೂ ಯುಗಾದಿಯೊಳಗೆ ನಾಲ್ಕನೆಯ ಡಬ್ಬ ಸೇರಿದ್ದವು. ಪೊನ್ನಂಪೇಟೆಗೆ ಕೊಟ್ಟ ಮಗಳಿಂದ ಬರುವ ಕಾಗದಗಳನ್ನು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಹಾಜರಿಯ ಸಾಲಿನ ಮುಂದೆಯೇ ಗಟ್ಟಿಯಾಗಿ ಓದುತ್ತಿದ್ದರು. ಮಗಳ ಸಂಸಾರದ ಕಷ್ಟ ಮಧ್ಯಾಹ್ನದೊಳಗೆ ಲೈನಿನ ಮಾತಾಗುತ್ತಿತ್ತು. ಅದು ತಪ್ಪಲೆಂದೇ ಕೆಂಚಿ ಕಲಿತದ್ದು. ಮೊನ್ನೆ ಬಂದ ಕಾಗದ ಬಿಡಿಸಿದರೆ ಒಂದಕ್ಷರವೂ ಗುರುತು ಸಿಗಲಿಲ್ಲವಂತೆ.

ಅಷ್ಟರಲ್ಲಿ ಆ ಕಾಗದ ಹಿಡಿದು ಕೆಂಚಿಯೇ ಬರುತ್ತಾಳೆ. ಬೊಳ್ಳಮ್ಮ ಚೀಟಿ ಹಿಡಿದರೆ ತಟ್ಟನೆ 'ಮ' ಎನ್ನುತ್ತಾಳೆ. ಅದನ್ನೇ ಸ್ಲೇಟಿನಲ್ಲಿ ಬರೆದರೆ ಗುರುತು ಸಿಗದೆ ಮತ್ತೆ ಚೀಟಿಯತ್ತ ನೋಡುತ್ತಾಳೆ. ಹಾಗಾದರೆ ಇಷ್ಟು ದಿನ ಏನನ್ನು ನೋಡಿ ಹೇಳುತ್ತಿದ್ದೆ ಎಂದು ಬೊಳ್ಳಮ್ಮ ಕೇಳುತ್ತಾರೆ.

"ಮೂಲೇಲಿ ಕಾಫಿ ಕಲೆ ಅದೆಯಲ್ಲಕ್ಕಾ, ಅದು ಮ. ಅಂಚು ಹರಿದಿದ್ರೆ ತ. ಇನ್ನೇನು ನೋಡ್ಬೇಕಿತ್ತು?"

ಕಾಫಿ ಹಣ್ಣಿನ ರಾಶಿಯಿಂದ ಕಾಯಿ ಆರಿಸಿ ಪಳಗಿದ ಕಣ್ಣು, ಮೋಸವಲ್ಲ. ಬೊಳ್ಳಮ್ಮ ನಗಲು ಹೋಗಿ ನಿಲ್ಲುತ್ತಾರೆ. ಚೀಟಿಗಳು ಮೊದಲ ಡಬ್ಬಕ್ಕೆ ಬೀಳುತ್ತವೆ. ಇನ್ನು ಮೇಲೆ ಸ್ಲೇಟಿನಲ್ಲಿಯೂ ಓದಿದರೆ ಮಾತ್ರ ಮುಂದಿನ ಡಬ್ಬ. ಹೀಗೆ ಎಷ್ಟು ದಿನ ಬೇಕೋ ಅವರಿಗೂ ತಿಳಿಯದು.

"ಮಗಳಿಗೆ ಹುಷಾರಿಲ್ಲ ಅಂತ ಬರ್ದಿದ್ರೆ? ನಾನು ಮೆಲ್ಲಗೆ ಓದ್ಲಾ?" ಎಂದು ಬೊಳ್ಳಮ್ಮ ಕೇಳುತ್ತಾರೆ.

ಕೆಂಚಿ ಕಾಗದವನ್ನು ಅವರ ಮುಂದೆ ಇಡುತ್ತಾಳೆ. "ಮುಂದಿನ ಸಂತೆ ತನಕ ನೀವೇ ಇಟ್ಕೊಳ್ಳಿ. ಅಷ್ಟರೊಳಗೆ ನಾನೇ ಓದ್ತೀನಿ. ಆಗ್ದಿದ್ರೆ ನೀವು ಓದಿ." ಹಾಜರಿಯ ಗಂಟೆ ಹೊಡೆಯುತ್ತದೆ, ಬುಟ್ಟಿ ಎತ್ತಿಕೊಂಡು ಹೋಗುತ್ತಾಳೆ.

ಕಾಗದ ಡಬ್ಬಗಳ ಪಕ್ಕದಲ್ಲಿದೆ.

"ಒಂದ್ಸಲ ಕಣ್ಣು ಹಾಯಿಸಿದ್ರೆ ನಂಗೆ ಗೊತ್ತಾಗ್ತದೆ," ಎನ್ನುತ್ತಾರೆ ಬೊಳ್ಳಮ್ಮ. "ಅದಕ್ಕೇ ಬೋರಲು ಇಟ್ಟಿದ್ದೀನಿ. ನೋಡದೆ ಇರೋದು ಸರಿಯೋ ತಪ್ಪೋ ಗೊತ್ತಿಲ್ಲೆ."