ಗಾಜಿನ ಗಾಡಿಗೆ ಹೊಸ ಬ್ರೇಕು

ಮೆಲ್ಲಗಣ್ಣ ತೀರಿಕೊಂಡ. ಭಾನುವಾರ ಬೆಳಿಗ್ಗೆ, ತನ್ನ ಮನೆಯ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಕೂತ ಹಾಗೆಯೇ. ಹೃದಯ ನಿಂತಿತು ಎಂದು ವೈದ್ಯರು ಹೇಳಿದರು. ಅವನ ಪಿಕಪ್ ಗಾಡಿ ಹೊರಗೆ ಗೋಡೆಯ ನೆರಳಿನಲ್ಲಿ ನಿಂತಿತ್ತು. ಅದಕ್ಕೂ ಸಾವಿಗೂ ಸಂಬಂಧವಿಲ್ಲ.

ಇದನ್ನು ಮೊದಲೇ ಹೇಳಬೇಕಾಗಿದೆ. ಮುಖ ನೋಡಲು ಬಂದವರಲ್ಲಿ ಎಷ್ಟೋ ಜನ ನನ್ನನ್ನು ಪಕ್ಕಕ್ಕೆ ಕರೆದು, "ಬ್ರೇಕ್ ಹಿಡೀಲಿಲ್ವಂತೆ, ಹೌದಾ?" ಎಂದು ಕೇಳಿದರು. ತಿಂಗಳುಗಟ್ಟಲೆ ಅವನು ಸಿಕ್ಕಸಿಕ್ಕವರ ಹತ್ತಿರ ಬ್ರೇಕಿನ ಮಾತೇ ಆಡುತ್ತಿದ್ದ. ಜನ ಒಂದಕ್ಕೊಂದು ಜೋಡಿಸಿಕೊಂಡರು. ಬ್ರೇಕು ಚೆನ್ನಾಗಿಯೇ ಹಿಡಿಯುತ್ತಿತ್ತು. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ. ಈಗ ನನ್ನಿಂದ ಆಗುವುದು ಇಷ್ಟೇ.

ಅವನದು ಗಾಜಿನ ಅಂಗಡಿ. ಮುಂದಿನ ಕೋಣೆಯಲ್ಲಿ ಕಂಬಳಿ ಹೊದಿಸಿದ ಉದ್ದನೆಯ ಮೇಜು. ಅದರ ಮೇಲೆ ಅವನ ಹೆಂಡತಿ, ನನಗೆ ಅತ್ತಿಗೆ, ಅಳತೆ ಹಿಡಿದು ಗಾಜು ಕತ್ತರಿಸುತ್ತಿದ್ದಳು. ಹಿಂದಿನ ಎರಡು ಕೋಣೆ ಮನೆ. ಕತ್ತರಿಸಿದ ಗಾಜನ್ನು ಊರಿನ ಕಿಟಕಿಗಳಿಗೆ, ಬೀರುಗಳಿಗೆ, ಚೌಕಟ್ಟು ಹಾಕುವವರಿಗೆ ತಲುಪಿಸುವುದು ಅವನ ಕೆಲಸ. ಗಾಡಿಯ ಹಿಂಭಾಗದಲ್ಲಿ ಮರದ ಓರೆ ಚೌಕಟ್ಟು ಇತ್ತು. ಹಳೆಯ ರಜಾಯಿ ಸುತ್ತಿದ ಅದಕ್ಕೆ ಗಾಜುಗಳು ಬೆನ್ನು ಕೊಟ್ಟು ನಿಲ್ಲುತ್ತಿದ್ದವು. ಇಳಿಸುವಾಗೆಲ್ಲ ಅವನು "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಲೇ ಇರುತ್ತಿದ್ದುದರಿಂದ ಆ ಹೆಸರು ಬಂತು. ಗಾಡಿ ಓಡಿಸುವುದೂ ಹಾಗೆಯೇ. ಅವನ ಹಿಂದೆ ಸಿಕ್ಕಿಕೊಂಡರೆ ಮದುವೆಗೆ ಹೊರಟವರು ಮಗುವಿನ ನಾಮಕರಣಕ್ಕೆ ತಲುಪುತ್ತಾರೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಹಿಂದಿನಿಂದ ಎಷ್ಟು ಹಾರ್ನ್ ಹೊಡೆದರೂ ಅವನು ತಿರುಗಿ ನೋಡುತ್ತಿರಲಿಲ್ಲ.

ಅವನು ಬರಿಗಾಲಲ್ಲೇ ಗಾಡಿ ಓಡಿಸುತ್ತಿದ್ದ. ಗಾಡಿ ಹತ್ತುವ ಮೊದಲು ಚಪ್ಪಲಿ ಬಿಚ್ಚಿ ಒಳಗೆ ಎಸೆಯುತ್ತಿದ್ದ. "ಚಪ್ಪಲಿ ಹಾಕ್ಕೊಂಡು ಬ್ರೇಕ್ ಒತ್ತೋದು ಅಂದ್ರೆ ಕೈಗವಸು ಹಾಕ್ಕೊಂಡು ಮಗು ಕೆನ್ನೆ ಮುಟ್ಟಿದ ಹಾಗೆ ಕಣೋ," ಎನ್ನುತ್ತಿದ್ದ. ಗಾಜು ಸಾಗಿಸುವವನಿಗೆ ಅಂಗಾಲೇ ಕಣ್ಣು ಎಂದು ಅವನ ನಂಬಿಕೆ. ಪೆಡಲು ಎಷ್ಟು ಕೆಳಗೆ ಹೋಯಿತು, ಎಲ್ಲಿ ಹಿಡಿಯಿತು, ಹಿಂದಿನ ಗಾಜು ಎಷ್ಟು ಅಲುಗಿತು, ಎಲ್ಲ ಅಲ್ಲಿಂದ ತಿಳಿಯಬೇಕು.

ಈ ವರ್ಷದ ಶುರುವಿನಲ್ಲಿ ಒಂದು ದಿನ, "ಬ್ರೇಕು ಸತ್ತುಹೋಗಿದೆ," ಎಂದ.

"ಹಿಡೀತಿಲ್ವಾ?"

"ಹಿಡಿಯುತ್ತೆ. ಆದ್ರೆ ಮಾತಾಡಲ್ಲ."

ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಶನಿವಾರ ಬಿಡುವು. ಅವನ ಜೊತೆ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಮುಂದಿನ ಚಕ್ರಗಳ ಡಿಸ್ಕು, ಪ್ಯಾಡು ಎರಡೂ ಸವೆದಿದ್ದವು, ಅದು ನಿಜ. ಡಿಸ್ಕ್ ಎಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ. ಎರಡು ಕಡೆಯಿಂದ ಪ್ಯಾಡುಗಳು ಅದನ್ನು ಅಮುಕಿದಾಗ ಗಾಡಿ ನಿಲ್ಲುತ್ತದೆ. ಅವನ ಹಳೆಯ ತಟ್ಟೆಗಳ ನಡುಭಾಗ ತಗ್ಗಾಗಿ ಅಂಚು ಕಟ್ಟೆಯ ಹಾಗೆ ಎದ್ದು ನಿಂತಿತ್ತು.

ಅಂಗಡಿಯವನು ಮೊದಲು ಮೈತುಂಬ ತೂತು ಕೊರೆದ ಡಿಸ್ಕ್ ತಂದಿಟ್ಟ. "ಇದು ಹೊಸ ಫ್ಯಾಷನ್ ಅಣ್ಣ. ಬಿಸಿ ಬೇಗ ಹೋಗುತ್ತೆ. ಎಲ್ಲ ಇದನ್ನೇ ಕೇಳ್ತಾರೆ."

"ಇದ್ರಲ್ಲಿ ಹಿಟ್ಟು ಜರಡಿ ಹಿಡೀಬಹುದು. ನಂಗೆ ಗಾಡಿ ನಿಂತ್ರೆ ಸಾಕು."

"ಹಾಗಾದ್ರೆ ಬೋಳು ತಟ್ಟೆ."

"ನನ್ನ ತಲೆ ಥರದ್ದೇ ಕೊಡು."

ಪ್ಯಾಡಿನಲ್ಲಿ ಎರಡು ಬಗೆ ತೋರಿಸಿದ. ಒಂದು ಸೆರಾಮಿಕ್: ಸದ್ದಿಲ್ಲ, ಧೂಳಿಲ್ಲ, ಮೆತ್ತಗೆ ಹಿಡಿಯುತ್ತದೆ. ಇನ್ನೊಂದು ಲೋಹದ ಪುಡಿ ಬೆರೆಸಿದ್ದು: ಸ್ವಲ್ಪ ಕಿರುಚುತ್ತದೆ, ಚಕ್ರಕ್ಕೆ ಕಪ್ಪು ಮೆತ್ತುತ್ತದೆ, ಆದರೆ ಭಾರ ಹೊತ್ತು ಇಳಿಜಾರು ಇಳಿಯುವಾಗ ಕೈ ಬಿಡುವುದಿಲ್ಲ. ಅವನು ಎರಡನ್ನೂ ಉಗುರಿನಿಂದ ಗೀರಿ ನೋಡಿ, ಮೂಸಿ ನೋಡಿ, "ಕಿರುಚೋ ಕೆಲಸ ನಾನೇ ಮಾಡ್ಕೋತೀನಿ. ಮೆತ್ತಗಿನದೇ ಇರ್ಲಿ," ಎಂದ.

ನೀರಿನ ಟ್ಯಾಂಕಿನ ಹಿಂದಿನ ಗ್ಯಾರೇಜಿನ ಮೆಕ್ಯಾನಿಕ್ ಅವನ್ನು ಜೋಡಿಸಿ ಕೊಟ್ಟ. "ಅಣ್ಣ, ಹೊಸ ಪ್ಯಾಡು ತಟ್ಟೆಗೆ ಒಗ್ಗಬೇಕು. ಖಾಲಿ ರಸ್ತೇಲಿ ವೇಗ ಹಿಡೀರಿ, ಬಿಗಿಯಾಗಿ ಬ್ರೇಕ್ ಒತ್ತಿ ನಿಧಾನ ಮಾಡಿ. ಪೂರ್ತಿ ನಿಲ್ಲಿಸ್ಬೇಡಿ. ಮತ್ತೆ ವೇಗ, ಮತ್ತೆ ಬ್ರೇಕು. ಒಂದಷ್ಟು ಸಲ." ಇವನು ತಲೆಯಾಡಿಸಿದ. ಮಾಡಲಿಲ್ಲ. ಬಿಗಿಯಾಗಿ ಬ್ರೇಕ್ ಒತ್ತುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

ಸ್ವಲ್ಪ ದಿನ ಕಳೆದ ಮೇಲೆ ಮತ್ತೆ ಅದೇ ಮಾತು. ಬ್ರೇಕು ಸತ್ತಿದೆ. ಹೊಸ ಸೆರಾಮಿಕ್ ಪ್ಯಾಡು ಬಿಚ್ಚಿಸಿ ಲೋಹದ್ದು ಹಾಕಿಸಿದ. ನಾಕು ದಿನ ಖುಷಿಯಾಗಿದ್ದ. ಆಮೇಲೆ ಕ್ಷೌರದ ಅಂಗಡಿಗೆ ದೊಡ್ಡ ಕನ್ನಡಿ ಒಯ್ಯುತ್ತಿದ್ದಾಗ ಸೈಕಲ್ಲಿನವಳೊಬ್ಬಳು ಅಡ್ಡ ಬಂದಳು. ಇವನು ಎಂದಿನಂತೆ ಮೆಲ್ಲಗೆ ಒತ್ತಿದೆ ಎಂದುಕೊಂಡ. ಗಾಡಿ ಗೋಡೆಗೆ ಗುದ್ದಿದ ಹಾಗೆ ನಿಂತಿತು. ಕನ್ನಡಿ ರಜಾಯಿಯಿಂದ ಕಿತ್ತುಕೊಂಡು ಬಿದ್ದು ಚೂರಾಯಿತು. ಸಾಗಿಸುವಾಗ ಅವನ ಕೈಯಲ್ಲಿ ಗಾಜು ಒಡೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಚೂರುಗಳನ್ನು ಬಾಚಿ ತುಂಬಿಕೊಂಡು, ದಾರಿಯಲ್ಲಿ ನನ್ನನ್ನೂ ಹತ್ತಿಸಿಕೊಂಡು, ನೇರ ಗ್ಯಾರೇಜಿಗೆ ಬಂದ. "ಇದು ನಾಯಿ ಥರ ಕಚ್ಚುತ್ತೆ. ಮೊದಲಿನದು ಹಲ್ಲಿಲ್ಲದ ಮುದುಕಿ. ನಡುವಿಂದು ಯಾವುದೂ ಇಲ್ವಾ?"

ಮೆಕ್ಯಾನಿಕ್ ಗಾಡಿಯನ್ನು ಒಂದು ಸುತ್ತು ಓಡಿಸಿಕೊಂಡು ಬಂದ. "ಒಗ್ಗಿಸಿಲ್ಲ ಅಣ್ಣ ನೀವು. ತಟ್ಟೆ ಮೇಲೆ ಕಲೆ ಕೂತಿದೆ, ಅದಕ್ಕೆ ಸ್ವಲ್ಪ ನಡುಗುತ್ತೆ. ಆದ್ರೆ ಕಚ್ಚಲ್ಲ. ಒತ್ತಿದಷ್ಟೇ ಹಿಡಿಯುತ್ತೆ."

"ಒತ್ತಿದಷ್ಟೇ ಹಿಡಿದ್ರೆ ಕನ್ನಡಿ ಯಾಕಪ್ಪ ಒಡೀತು?"

ಮೆಕ್ಯಾನಿಕ್ ನೆಲ ನೋಡುತ್ತಿದ್ದ. ಗಾಡಿಯ ಬಾಗಿಲಿನಿಂದ ಇವನು ಕೂತಿದ್ದ ಸ್ಟೂಲಿನವರೆಗೆ ಒದ್ದೆ ಹೆಜ್ಜೆ ಗುರುತು, ಬಲಗಾಲಿನದು ಮಾತ್ರ.

"ಎಣ್ಣೆ ಚೆಲ್ಲಿದ್ದೀಯ ನೋಡು," ಎಂದ ಮೆಲ್ಲಗಣ್ಣ.

"ಎಣ್ಣೆ ಅಲ್ಲಣ್ಣ. ಕಾಲೆತ್ತಿ."

ಅಂಗಾಲಿನಲ್ಲಿ ಕನ್ನಡಿಯ ಚೂರೊಂದು ಆಳಕ್ಕೆ ಹೊಕ್ಕಿತ್ತು. ಚೂರು ಬಾಚುವಾಗ ಹೊಕ್ಕಿರಬೇಕು. ಅದೇ ಕಾಲಿನಲ್ಲಿ ಅವನು ಅಷ್ಟು ದೂರ ಗಾಡಿ ಓಡಿಸಿಕೊಂಡು ಬಂದಿದ್ದ. ಬ್ರೇಕಿನ ಪೆಡಲಿನ ರಬ್ಬರು ಕೆಂಪಗಾಗಿತ್ತು. ಅವನು ತನ್ನ ಕಾಲನ್ನು ಬೇರೆ ಯಾರದೋ ಎಂಬಂತೆ ಕೈಯಲ್ಲಿ ಹಿಡಿದು ನೋಡಿದ.

"ನೋವಾಗ್ಬೇಕಿತ್ತಲ್ವಾ?" ಎಂದು ನನ್ನನ್ನು ಕೇಳಿದ.

ಅವನಿಗೆ ಸಕ್ಕರೆ ಕಾಯಿಲೆ ಇದ್ದದ್ದು ಎಲ್ಲರಿಗೂ ಗೊತ್ತಿತ್ತು. ಅದು ಪಾದದ ಸ್ಪರ್ಶವನ್ನೇ ತೆಗೆದುಕೊಂಡುಹೋಗಿದೆ ಎಂದು ಯಾರಿಗೂ ಹೊಳೆದಿರಲಿಲ್ಲ. ವೈದ್ಯೆ ಚೂರು ತೆಗೆದು, ಕಣ್ಣು ಮುಚ್ಚಿಸಿ, ಕಾಲಿನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದರು. ಒಂದು ಬೆರಳನ್ನೂ ಅವನು ಗುರುತಿಸಲಿಲ್ಲ. ಹೋದದ್ದು ಬರುವುದು ಕಷ್ಟ, ಇರುವುದನ್ನು ಕಾಪಾಡಿಕೊಳ್ಳಿ, ಗಾಡಿ ಓಡಿಸಬೇಡಿ ಎಂದರು. ಅಷ್ಟು ದಿನ ಅವನು ಕಾಲಿನ ರೋಗಕ್ಕೆ ಗಾಡಿಗೆ ಮದ್ದು ಮಾಡಿಸುತ್ತಿದ್ದ.

ಅವತ್ತು ಸಂಜೆ ಅಂಗಡಿಯಲ್ಲಿ ಮೂವರೂ ಕೂತಿದ್ದೆವು. ಕತ್ತರಿಸಿಟ್ಟ ಗಾಜು ಗೋಡೆಗೊರಗಿ ನಿಂತಿತ್ತು. ಮದುವೆಗೆ ಮೊದಲು ಅತ್ತಿಗೆ ತನ್ನಣ್ಣನ ವ್ಯಾನ್ ಓಡಿಸುತ್ತಿದ್ದವಳು, ಲೈಸೆನ್ಸ್ ಇದ್ದವಳು. ಖಾಲಿ ಗಾಡಿಯನ್ನು ಕೊಡುತ್ತಿದ್ದ ಇವನು ಗಾಜು ತುಂಬಿದ ಗಾಡಿಯನ್ನು ಅವಳ ಕೈಗೆ ಎಂದೂ ಕೊಟ್ಟವನಲ್ಲ.

"ಒಬ್ಬ ಡ್ರೈವರನ್ನ ನೋಡ್ತೀನಿ," ಎಂದ.

"ಬೇರೆಯವರ ಕಾಲು ನಂಬ್ತೀರ, ನನ್ನ ಕಾಲು ನಂಬಲ್ಲ," ಎಂದಳು ಅತ್ತಿಗೆ.

"ಹಾಗಲ್ವೇ. ಗಾಯ ಮಾಗಲಿ. ನೋಡಿಕೊಂಡು ಒತ್ತಿದ್ರೆ ನಾನೇ..."

"ರಸ್ತೆ ನೋಡ್ತೀರಾ, ಕಾಲು ನೋಡ್ತೀರಾ? ಅವತ್ತು ಸೈಕಲ್ ಹುಡುಗಿ ಮುಂದೆ ಜಾಸ್ತಿ ಒತ್ತಿದ್ರಿ, ಕನ್ನಡಿ ಹೋಯ್ತು. ಕಮ್ಮಿ ಒತ್ತಿದ್ರೆ?"

ಅವನು ಎದ್ದು ಹೊರಗೆ ಹೋದ. ಆಮೇಲೆ ಎಷ್ಟೋ ದಿನ ಅವಳ ಜೊತೆ ಮಾತು ಬಿಟ್ಟಿದ್ದ. ಗಾಯ ಮಾಗಿತು. ನಾನು ಹೋದಾಗೆಲ್ಲ ಅವನು ನಿಂತ ಗಾಡಿಯಲ್ಲಿ, ಸ್ಟೀರಿಂಗ್ ಹಿಂದೆ ಕೂತಿರುತ್ತಿದ್ದ. ಬರಿಗಾಲನ್ನು ಪೆಡಲಿನ ಮೇಲಿಟ್ಟು ಒತ್ತುತ್ತಿದ್ದ, ಬಿಡುತ್ತಿದ್ದ. ಒಳಗಿನಿಂದ ಅತ್ತಿಗೆಯ ಗಾಜು ಕೊರೆಯುವ ಸದ್ದು ಬರುತ್ತಿತ್ತು. ಗಿರಾಕಿಗಳು ಫೋನ್ ಮಾಡಿದರೆ, "ತಲುಪಿಸ್ತೀವಿ," ಎಂದಷ್ಟೇ ಹೇಳುತ್ತಿದ್ದ. ಯಾರು ಎಂದು ಹೇಳುತ್ತಿರಲಿಲ್ಲ.

ಒಂದು ಶುಕ್ರವಾರ ಅವನೇ ಮುದ್ರಣಾಲಯಕ್ಕೆ ಬಂದ. ಕಾಲಲ್ಲಿ ಬೂಟು ಇತ್ತು. "ಸಂಜೆ ಬ್ರೇಕು ತರೋಕೆ ಹೋಗ್ಬೇಕು. ಬಾ. ಅವಳೂ ಬರ್ತಾಳೆ," ಎಂದ.

ಸ್ಪೇರ್ ಪಾರ್ಟ್ಸ್ ಅಂಗಡಿಯವನು ನಮ್ಮನ್ನು ಕಂಡು ಎದ್ದು ನಿಂತ. "ಏನಣ್ಣ, ಈ ಅಂಗಡಿಗೆ ಅಳಿಯನೇ ಆಗಿಬಿಟ್ರಲ್ಲ. ಈ ಸಲ ಯಾವುದು ಕೊಡ್ಲಿ?"

ಮೆಲ್ಲಗಣ್ಣ ಅತ್ತಿಗೆಯ ಕಡೆ ಕೈ ತೋರಿಸಿದ. "ಓಡಿಸೋರನ್ನ ಕೇಳು."

ಅತ್ತಿಗೆ ಉಗುರಿನಿಂದ ಗೀರಲಿಲ್ಲ, ಮೂಸಲಿಲ್ಲ. "ಗಾಡಿ ಕೊಂಡಾಗ ಕಂಪನಿಯವರು ಏನು ಹಾಕಿ ಕೊಟ್ಟಿದ್ರೋ ಅದೇ ಥರದ್ದು ಕೊಡಿ. ಪ್ಯಾಡು, ಡಿಸ್ಕು ಎರಡೂ."

"ಇನ್ನೂ ಒಳ್ಳೇದಿದೆ ಅಕ್ಕ."

"ಇರ್ಲಿ ಬಿಡಿ. ಕಾಲು ಹೊಸದು. ಬ್ರೇಕು ಗೊತ್ತಿರೋದೇ ಇರ್ಲಿ."

ಮೆಲ್ಲಗಣ್ಣ ಹೊಸ ತಟ್ಟೆಗಳನ್ನು ಬೆಳಕಿಗೆ ಹಿಡಿದು ಅಂಚು ಮುಕ್ಕಾಗಿದೆಯೇ ಎಂದು ಸುತ್ತಲೂ ನೋಡಿದ. "ತುಕ್ಕು ಹಿಡೀದಿರ್ಲಿ ಅಂತ ಎಣ್ಣೆ ಸವರಿರ್ತಾರೆ. ಹಾಕೋ ಮುಂಚೆ ಚೆನ್ನಾಗಿ ಒರೆಸಿಸ್ಬೇಕು," ಎಂದು ಅವಳಿಗೆ ಹೇಳಿದ. ಅವಳು ಹೂಂ ಎಂದಳು. ಅವರಿಬ್ಬರ ನಡುವೆ ನಾನು ಕೇಳಿದ ರಾಜಿಯ ಮಾತು ಅಷ್ಟೇ.

ಮರುದಿನ ಬೆಳಿಗ್ಗೆ ಮೆಕ್ಯಾನಿಕ್ ಅವನ್ನು ಜೋಡಿಸಿದ. ಅಲ್ಲಿಂದಲೇ ಗೋದಾಮುಗಳ ಹಿಂದಿನ ಖಾಲಿ ರಸ್ತೆಗೆ ಹೋದೆವು. ಅತ್ತಿಗೆ ಸ್ಟೀರಿಂಗಿಗೆ, ನಡುವೆ ಅವನು, ಬಾಗಿಲ ಪಕ್ಕ ನಾನು.

"ವೇಗ ಹಿಡಿ. ಇನ್ನೂ. ಹಾಂ, ಈಗ ಒತ್ತು. ನಿಲ್ಲಿಸ್ಬೇಡ, ನಿಲ್ಲಿಸ್ಬೇಡ. ಬಿಡು."

ಅವಳು ಒತ್ತಿದಾಗೆಲ್ಲ ಅವನ ಬೂಟುಗಾಲೂ ಕೆಳಗಿನ ಮ್ಯಾಟನ್ನು ಒತ್ತುತ್ತಿತ್ತು.

"ರೀ, ಅಲ್ಲಿ ಬ್ರೇಕಿಲ್ಲ."

"ಗೊತ್ತು."

"ಮತ್ತೆ ಯಾಕೆ ಒತ್ತೋದು?"

"ಅದಕ್ಕೆ ಗೊತ್ತಿಲ್ಲ," ಎಂದು ಕಾಲಿನ ಕಡೆ ತೋರಿಸಿದ. ಅತ್ತಿಗೆ ನಕ್ಕಳು. ಗಾಡಿ ಸ್ವಲ್ಪ ಓಲಾಡಿತು. ಅವನು "ಮೆಲ್ಲಗೆ" ಎನ್ನಲಿಲ್ಲ, ನಾನು ಗಮನಿಸಿದೆ.

ಸುಟ್ಟ ವಾಸನೆ ಬರತೊಡಗಿದಾಗ ಸಾಕು ಎಂದ. ಬ್ರೇಕು ಮುಟ್ಟದೆ, ಗಾಳಿ ಆಡುವ ಹಾಗೆ ನಿಧಾನವಾಗಿ ಓಡಿಸಿ ಚಕ್ರಗಳನ್ನು ಆರಿಸಿದೆವು. ಹಿಂದಿರುಗುವಾಗ ಚೌಕಟ್ಟು ಹಾಕುವವನು ಫೋನ್ ಮಾಡಿದ. ಮೆಲ್ಲಗಣ್ಣ ಅವನ ಮಾತು ಕೇಳಿಸಿಕೊಂಡು, "ಸೋಮವಾರ ನನ್ನ ಹೆಂಡ್ತಿ ತರ್ತಾಳೆ. ಹೂಂ, ಅವಳೇ. ಇಳಿಸೋಕೆ ನಾನಿರ್ತೀನಿ," ಎಂದ. ಅವನು ಅದನ್ನು ಗಿರಾಕಿಯೊಬ್ಬನಿಗೆ ಹೇಳಿದ್ದು ಅದೇ ಮೊದಲು. ನನ್ನನ್ನು ಮನೆಯ ಮುಂದೆ ಇಳಿಸಿದರು. ಕಿಟಕಿಯಿಂದ ಕೈ ಎತ್ತಿದ. ನಾನು ಅವನನ್ನು ಜೀವಂತ ನೋಡಿದ್ದು ಅಲ್ಲಿಗೆ ಮುಗಿಯಿತು.

ಮುಂದಿನದನ್ನು ಅತ್ತಿಗೆ ಹೇಳಿದ್ದು. ಅವಳೂ ಅಳದೆ ಹೇಳಿದಳು, ನಾನೂ ಅಳದೆ ಕೇಳಿದೆ.

ಶನಿವಾರ ಪೂರ್ತಿ ಅವಳು ಸೀಟಿನ ತುದಿಯಲ್ಲಿ ಕೂತು ಓಡಿಸಿದ್ದಳಂತೆ. ಪೆಡಲು ದೂರ. ಆ ಸೀಟು ಅವನ ಉದ್ದನೆಯ ಕಾಲಿನ ಅಳತೆಗೆ ಹಿಂದಕ್ಕೆ ಹೋಗಿ ಕೂತದ್ದು, ಅಡಿಯ ಹಲ್ಲುಗಳಿದ್ದ ಕಂಬಿಯಲ್ಲೇ ತುಕ್ಕು ಹಿಡಿದು, ಮತ್ತೆ ಕದಲಿರಲಿಲ್ಲ. ಅವಳು ಅದನ್ನು ಹೇಳಿರಲಿಲ್ಲ. ಅವನು ನೋಡಿದ್ದ. ಭಾನುವಾರ ಎದ್ದವನೇ ಎಣ್ಣೆ ಡಬ್ಬಿ ಹಿಡಿದು ಗಾಡಿಯ ಹತ್ತಿರ ಹೋದ. ಕಂಬಿಗೆ ಎಣ್ಣೆ ಬಿಟ್ಟ, ಕಾದ, ಮರದ ಸುತ್ತಿಗೆಯಿಂದ ತಟ್ಟಿದ, ಹೆಗಲು ಕೊಟ್ಟು ನೂಕಿದ. ಬಹಳ ಹೊತ್ತಿನ ಮೇಲೆ ಅಡುಗೆಮನೆಯ ಕಿಟಕಿಗೆ ಬಂದು, "ಸ್ವಲ್ಪ ಬಾ. ಕೂತು ನೋಡು," ಎಂದ. ಬೆವರಿದ್ದ. ಅವಳು ಒದ್ದೆ ಕೈಯಲ್ಲೇ ಹೋಗಿ ಕೂತಳು. ಅವನು ಕೆಳಗೆ ಬಗ್ಗಿ, ಸೀಟಿನಡಿಯ ಹಿಡಿಕೆ ಎತ್ತಿ ಹಿಡಿದು, ಅವಳನ್ನೂ ಸೀಟನ್ನೂ ಒಟ್ಟಿಗೆ ಮುಂದಕ್ಕೆ ತಳ್ಳಿದ.

"ಒತ್ತು," ಎಂದ.

ಒತ್ತಿದಳು.

"ಪೂರ್ತಿ ಸಿಗ್ತಾ?"

"ಸಿಕ್ತು."

"ಇನ್ನೊಂದು ಹಲ್ಲು ಮುಂದೆ?"

"ಬೇಡ. ಇಷ್ಟು ಸಾಕು."

ಅವನು ಹಿಡಿಕೆ ಬಿಟ್ಟ. ಸೀಟು ಟಕ್ಕೆಂದು ಕೂತುಕೊಂಡಿತು. ಕದಲುತ್ತದೆಯೇ ಎಂದು ಒಂದು ಸಲ ಅಲುಗಿಸಿ ನೋಡಿದ, ಬಾಗಿಲ ಪಕ್ಕದ ಕುರ್ಚಿಗೆ ಹೋಗಿ ಕೂತ.